ಪಾಳುಗಣಿಯೂ ಮೃತರ ಋಣವೂ

ಮೃತನಾದವನ ಶರೀರಕ್ಕೆ ಸಂಸ್ಕಾರ ಮಾಡಬೇಕೆಂಬುದು ಮನುಷ್ಯನ ಅತ್ಯಂತ ಹಳೆಯ ಧರ್ಮಗಳಲ್ಲೊಂದು. ದೇಶಾಚಾರಕ್ಕೆ ತಕ್ಕಂತೆ ಅದರ ರೂಪವು ಬೇರೆಯಾಗಬಹುದು. ಒಬ್ಬರು ಸುಡುವರು, ಒಬ್ಬರು ಹೂಳುವರು. ಆದರೆ ತಮ್ಮವನು ಬಿದ್ದಲ್ಲಿಯೇ ಬಿದ್ದಿರಲಿ ಎಂದು ಸಮಾಧಾನದಿಂದ ಮನೆಗೆ ಹಿಂದಿರುಗುವ ಜನರನ್ನು ಕಾಣುವುದು ಕಷ್ಟ. ಇನ್ನೊಬ್ಬರ ಪ್ರಾಣವನ್ನು ವ್ಯರ್ಥವಾಗಿ ಅಪಾಯಕ್ಕೊಡ್ಡಬಾರದೆಂಬ ಧರ್ಮವೂ ಅಷ್ಟೇ ಹಳೆಯದು. ಸಾಧಾರಣವಾದ ಸಂದರ್ಭಗಳಲ್ಲಿ ಈ ಎರಡಕ್ಕೂ ವಿರೋಧವೇ ಇಲ್ಲ. ಹೆಣವನ್ನು ಹೊರುವವನು ಹೆಣವಾಗಬೇಕಾದ ಭಯವಿಲ್ಲ. ಪಾಳುಬಿದ್ದ ಗಣಿಯ ಬಾವಿಯೊಳಗೆ ಮನುಷ್ಯರು ಸಿಕ್ಕಿಕೊಂಡು ಸತ್ತಾಗ ಮಾತ್ರ ಇವೆರಡೂ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ.

ಅಂಥ ಬಾವಿಯ ಬಾಯಲ್ಲಿ ನಿಂತವರಿಗೆ ಮೂರು ಪ್ರಶ್ನೆಗಳು ಒಟ್ಟಿಗೆ ಏಳುತ್ತವೆ. ಸತ್ತವನ ದೇಹವನ್ನು ತರುವುದಕ್ಕಾಗಿ ಜೀವಂತನಾದ ಒಬ್ಬನನ್ನು ಕೆಳಗಿಳಿಸಬಹುದೆ? ಇಳಿಸಬಹುದಾದರೆ ಎಷ್ಟರ ಮಟ್ಟಿಗೆ? ಇಳಿಸಬಾರದಾದರೆ ಆ ನಿರ್ಣಯವನ್ನು ಹೇಳುವ ಅಧಿಕಾರವು ಯಾರದು? ದೂರದಿಂದ ನೋಡುವವರಿಗೆ ಎರಡು ಸುಲಭವಾದ ಉತ್ತರಗಳು ತೋರುತ್ತವೆ. ಏನಾದರೂ ಆಗಲಿ, ದೇಹವನ್ನು ತರಲೇಬೇಕೆಂಬುದು ಒಂದು. ಸತ್ತವರು ಸತ್ತರು, ಇದ್ದವರನ್ನು ನೋಡಿಕೊಳ್ಳಿ ಎಂಬುದು ಇನ್ನೊಂದು. ಈ ಎರಡೂ ಉತ್ತರಗಳು ಸಾಲವು ಎಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಆ ಸ್ಥಳದ ಸ್ವಭಾವವನ್ನು ತಿಳಿಯತಕ್ಕದ್ದು. ಕೆಲಸ ನಡೆಯುತ್ತಿರುವ ಗಣಿಯನ್ನು ನಾಲ್ಕು ಸಂಗತಿಗಳು ಕಾಪಾಡುತ್ತವೆ: ಒಳಗೆ ಗಾಳಿಯಾಡಿಸುವ ಯಂತ್ರ, ನೀರನ್ನೆತ್ತುವ ಪಂಪು, ಮೇಲಣ ಬಂಡೆಯನ್ನು ಹೊತ್ತ ಆಧಾರಗಳು, ದಾರಿ ತೋರಿಸುವ ನಕ್ಷೆ. ಗಣಿಯನ್ನು ಕೈಬಿಟ್ಟ ದಿನದಿಂದ ಈ ನಾಲ್ಕೂ ಒಂದೊಂದಾಗಿ ಇಲ್ಲವಾಗುತ್ತವೆ. ಗಾಳಿಯಾಟ ನಿಂತೊಡನೆ ಕಲ್ಲಿದ್ದಲು, ಕೊಳೆಯುವ ಮರ, ತುಕ್ಕುಹಿಡಿಯುವ ಕಬ್ಬಿಣ ಮುಂತಾದುವು ಅಲ್ಲಿದ್ದ ಆಮ್ಲಜನಕವನ್ನು ಮೆಲ್ಲಮೆಲ್ಲನೆ ಹೀರಿಬಿಡುತ್ತವೆ. ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡು ತಳದಲ್ಲಿ ಮಡುಗಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಹಳ್ಳಿಗಳಲ್ಲಿ ಬಹುಕಾಲ ಬಳಸದ ಬಾವಿಗೆ ಇಳಿಯುವ ಮೊದಲು ಹಣತೆಯನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡುತ್ತಿದ್ದುದು ಈ ಕಾರಣದಿಂದಲೇ. ಇಳಿದವನೊಬ್ಬನು ಕುಸಿದುಬಿದ್ದನೆಂದು ಕಂಡು ಅವನ ತಮ್ಮನು ಇಳಿದು, ತಮ್ಮನನ್ನು ಎತ್ತಲು ನೆರೆಯವನು ಇಳಿದು, ಮೂವರೂ ಮೇಲೆ ಬಾರದ ಕಥೆಯನ್ನು ಕೇಳದ ಊರು ಅಪೂರ್ವ.

ಗಣಿಯಲ್ಲಿ ಈ ಅಪಾಯವು ನೂರ್ಮಡಿಯಾಗುತ್ತದೆ. ಕಲ್ಲಿದ್ದಲಿನ ಪದರಗಳಿಂದ ಹೊರಡುವ ಮೀಥೇನ್ ಅನಿಲವು ಗಾಳಿಯಲ್ಲಿ ನೂರಕ್ಕೆ 5ರಿಂದ 15ರಷ್ಟು ಬೆರೆತಾಗ ಒಂದು ಕಿಡಿಗೆ ಸಿಡಿಯುತ್ತದೆ. ಬಹುಕಾಲ ನಿಂತ ನೀರನ್ನು ಕದಡಿದರೆ ಅದರಲ್ಲಿ ಕರಗಿದ್ದ ಹೈಡ್ರೋಜನ್ ಸಲ್ಫೈಡು ಮೇಲೇಳುತ್ತದೆ. ಅದು ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ, ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸಿ ಎಚ್ಚರಿಕೆಯನ್ನು ಕಸಿದುಕೊಳ್ಳುತ್ತದೆ. ಕಪ್ಪುನೀರಿನಲ್ಲಿ ಮುಳುಗುವವನಿಗೆ ತನ್ನ ಕೈಯೇ ಕಾಣದು. ನೀರನ್ನು ಎತ್ತಿಬಿಡೋಣವೆಂದರೆ, ಅದುವರೆಗೆ ಗೋಡೆಗಳನ್ನು ಒತ್ತಿಹಿಡಿದಿದ್ದ ನೀರೇ ಇಲ್ಲವಾಗಿ, ನೆನೆದ ಮಣ್ಣೂ ಬಂಡೆಯೂ ಕುಸಿಯಬಹುದು. ನಕ್ಷೆಯಿಲ್ಲದ ಕಡೆ ಯಾವ ಸುರಂಗವು ಯಾವುದಕ್ಕೆ ಕೂಡಿದೆಯೆಂಬುದನ್ನು ಬಲ್ಲವರು ಇಲ್ಲ. ಬಲ್ಲವರಿದ್ದರೆ ಅವರು ಒಳಗೇ ಸಿಕ್ಕಿರುತ್ತಾರೆ.

ಇದಕ್ಕೆ ನಮ್ಮ ದೇಶದಲ್ಲಿಯೇ ನಡೆದ ಒಂದು ನಿದರ್ಶನವನ್ನು ನೋಡೋಣ. ಮೇಘಾಲಯದ ಪೂರ್ವ ಜೈಂತಿಯಾ ಬೆಟ್ಟಗಳಲ್ಲಿ ಕ್ಸಾನ್ ಎಂಬ ಸ್ಥಳವಿದೆ. ಅಲ್ಲಿ ಬಾವಿಯಂತೆ ನೆಟ್ಟಗೆ ತೋಡಿ, ತಳದಿಂದ ನಾಲ್ಕೂ ಕಡೆಗೆ ಎರಡು ಮೂರು ಅಡಿ ಎತ್ತರದ ಬಿಲಗಳನ್ನು ಕೊರೆದು, ತೆವಳಿಕೊಂಡು ಹೋಗಿ ಕಲ್ಲಿದ್ದಲನ್ನು ಕಡಿಯುತ್ತಿದ್ದರು. ಇಲಿಬಿಲವೆಂದು ಹೆಸರಾದ ಈ ಪದ್ಧತಿಯನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2014ರಲ್ಲಿಯೇ ನಿಷೇಧಿಸಿತ್ತು. ಆದರೂ 2018ನೆಯ ಡಿಸೆಂಬರ್ 13ರಂದು ಸುಮಾರು 370 ಅಡಿ ಆಳದ ಅಂಥ ಒಂದು ಬಾವಿಯಲ್ಲಿ ಕೂಲಿಗಳು ಕೆಲಸಮಾಡುತ್ತಿದ್ದರು. ಅಕಸ್ಮಾತ್ತಾಗಿ ನೀರು ನುಗ್ಗಿತು. ಕೆಲವರು ಹೇಗೋ ಪಾರಾದರು. 15 ಮಂದಿ ಒಳಗೆ ಉಳಿದರು. ಸುತ್ತಮುತ್ತ ಕೈಬಿಟ್ಟ ಹಳೆಯ ಬಾವಿಗಳು ಅನೇಕವಿದ್ದುವು, ಹತ್ತಿರದಲ್ಲಿ ನದಿಯೂ ಇತ್ತು. ಪಂಪುಗಳು ಎತ್ತಿದಷ್ಟು ನೀರು ಮತ್ತೆ ಒಸರಿ ಬಂದಿತು. ವಿಪತ್ತು ನಿರ್ವಹಣಾ ಪಡೆಯವರು, ಒಡಿಶಾದ ಅಗ್ನಿಶಾಮಕ ದಳದವರು, ನೌಕಾದಳದ ಮುಳುಗುಗಾರರು ಎಲ್ಲರೂ ಬಂದರು. ಮನುಷ್ಯರು ಹೋಗಲಾಗದ ಕಡೆಗೆ ದೂರದಿಂದ ನಡೆಸುವ ಕಣ್ಣುಳ್ಳ ಯಂತ್ರವನ್ನು ಇಳಿಸಿದರು. ಒಂದು ತಿಂಗಳು ಕಳೆದ ಮೇಲೆ, 2019ರ ಜನವರಿ 16ರಂದು, ಆ ಯಂತ್ರಕ್ಕೆ ಒಂದು ದೇಹವು ಕಂಡಿತು.

ಮುಂದೆ ನಡೆದದ್ದು ನಮ್ಮ ವಿಚಾರಕ್ಕೆ ಅತ್ಯಂತ ಮುಖ್ಯವಾದದ್ದು. ಯಂತ್ರದ ಹಿಡಿಯಿಂದ ಎಳೆಯತೊಡಗಿದಾಗ ಬಹುದಿನ ನೀರಿನಲ್ಲಿದ್ದ ಆ ದೇಹವು ಬಿಡಿಬಿಡಿಯಾಗತೊಡಗಿತು, ಎಳೆಯುವುದನ್ನು ನಿಲ್ಲಿಸಬೇಕಾಯಿತು. ಆಗ ಮೃತರ ಬಂಧುಗಳು, ಅಸ್ಥಿಯಷ್ಟೇ ಸಿಕ್ಕರೂ ಸರಿ, ಅಂತ್ಯಕ್ರಿಯೆಗಾಗಿ ತಂದುಕೊಡಿರೆಂದು ಬೇಡಿಕೊಂಡರು. ಜನವರಿ 24ರಂದು ಆ ದೇಹವನ್ನು ಮೇಲಕ್ಕೆ ತಂದರು. ಅನಂತರ ಇನ್ನೊಂದು ದೊರೆಯಿತು. ಮಾರ್ಚಿನಲ್ಲಿ ಕಾರ್ಯಾಚರಣೆಯನ್ನು ನಿಲ್ಲಿಸಲಾಯಿತು. ಉಳಿದವರು ಅಲ್ಲಿಯೇ ಉಳಿದರು.

ಅಸ್ಥಿಯಷ್ಟಾದರೂ ಬೇಕೆಂಬ ಈ ಬೇಡಿಕೆಯನ್ನು ಮೂಢಭಾವನೆಯೆಂದು ತಳ್ಳಿಬಿಡುವುದು ಅನ್ಯಾಯ. ದೇಹವು ಸತ್ತವನಿಗೆ ಬೇಡವಾಗಿರಬಹುದು, ಇದ್ದವರಿಗೆ ಬೇಕು. ಅದು ಸಿಗುವವರೆಗೆ ಹೆಂಡತಿಯು ವಿಧವೆಯೋ ಸುಮಂಗಲಿಯೋ ಅವಳಿಗೇ ತಿಳಿಯದು. ನಮ್ಮ ದೇಶದ ಸಾಕ್ಷ್ಯದ ಕಾನೂನಿನಂತೆ, ಏಳು ವರ್ಷಗಳವರೆಗೆ ಸುದ್ದಿಯಿಲ್ಲದವನನ್ನು ಮಾತ್ರ ಸತ್ತವನೆಂದು ಭಾವಿಸಬಹುದು. ಅದಕ್ಕೆ ಮೊದಲು ಮರಣವನ್ನು ಬೇರೆ ರೀತಿಯಲ್ಲಿ ಸಾಧಿಸಬೇಕು. ಮೇಲಾಗಿ, ದೇಹವು ಸಾಕ್ಷಿ. ಒಬ್ಬನು ಹೇಗೆ ಸತ್ತನು, ಯಾರ ಅಲಕ್ಷ್ಯದಿಂದ ಸತ್ತನು ಎಂಬುದನ್ನು ಹೇಳುವ ಕೊನೆಯ ಬಾಯಿ ಅದು. ನಿಷೇಧವನ್ನು ಮೀರಿ ತೋಡಿದ ಬಾವಿಯಲ್ಲಿ, ಹಾಜರಿ ಪುಸ್ತಕವೂ ಇಲ್ಲದ ಕೆಲಸದಲ್ಲಿ, ಸತ್ತ ಬಡವನು ಅಲ್ಲಿ ಇದ್ದನೆಂಬುದಕ್ಕೆ ಅವನ ಮೂಳೆಗಳ ಹೊರತು ಬೇರೆ ಆಧಾರವೇ ಇಲ್ಲದಿರಬಹುದು.

ಹಾಗಾದರೆ ಈ ಋಣಕ್ಕಾಗಿ ಇನ್ನೊಂದು ಪ್ರಾಣವನ್ನು ಕೇಳಬಹುದೆ? ಇಲ್ಲಿ ಒಂದು ಭೇದವನ್ನು ಸ್ಪಷ್ಟವಾಗಿ ಮಾಡಿಕೊಳ್ಳಬೇಕು. ಒಳಗಿರುವವನು ಬದುಕಿರಬಹುದೆಂಬ ಆಸೆಗೆ ಆಧಾರವಿರುವವರೆಗೆ ಒಂದು ಪ್ರಾಣದ ಎದುರಿಗೆ ಇನ್ನೊಂದು ಪ್ರಾಣವನ್ನು ತೂಗುತ್ತಿರುತ್ತೇವೆ. ಆಗ ಅಪಾಯಕ್ಕೆ ಅರ್ಥವಿದೆ. 1989ರ ನವಂಬರಿನಲ್ಲಿ ಪಶ್ಚಿಮ ಬಂಗಾಳದ ರಾಣಿಗಂಜಿನ ಮಹಾವೀರ ಕಲ್ಲಿದ್ದಲು ಗಣಿಗೆ ನೀರು ನುಗ್ಗಿ 65 ಮಂದಿ ಒಳಗೆ ಸಿಕ್ಕಿಕೊಂಡಾಗ, ಮೇಲಿನಿಂದ ಹೊಸದಾಗಿ ರಂಧ್ರವನ್ನು ಕೊರೆದು, ಒಬ್ಬ ಮನುಷ್ಯನು ನಿಲ್ಲುವಷ್ಟು ಅಗಲದ ಉಕ್ಕಿನ ಕೊಳವೆಯನ್ನು ಇಳಿಸಿ, ಅವರೆಲ್ಲರನ್ನೂ ಜೀವಸಹಿತ ಮೇಲೆತ್ತಿದರು. ಆ ಉಪಾಯವನ್ನು ನಡೆಸಿದ ಇಂಜಿನಿಯರ್ ಜಸವಂತ ಸಿಂಗ್ ಗಿಲ್ ಅವರು ಮತ್ತೊಬ್ಬನನ್ನು ಕಳುಹಿಸದೆ ತಾವೇ ಅದರಲ್ಲಿ ಇಳಿದರು. ಅಪಾಯವನ್ನು ಆಜ್ಞಾಪಿಸುವವನು ಅದರಲ್ಲಿ ಪಾಲುಗೊಂಡಾಗ ಆಜ್ಞೆಗೆ ಬರುವ ಗೌರವವು ಬೇರೆಯೇ.

ಆದರೆ ಆಸೆಯು ಎಲ್ಲಿ ಮುಗಿಯುತ್ತದೆ? ಗಡಿಯಾರ ನೋಡಿ ಹೇಳುವ ಸಂಗತಿಯಲ್ಲ ಅದು. ಬದುಕಿಸುವ ಕಾರ್ಯವು ದೇಹವನ್ನು ಹುಡುಕುವ ಕಾರ್ಯವಾಗಿ ಮಾರ್ಪಡುವ ಗಳಿಗೆಯನ್ನು ಬಾಯಿಬಿಟ್ಟು ಹೇಳಲು ಯಾರಿಗೂ ಧೈರ್ಯ ಬಾರದು. ಆ ಮೌನದಲ್ಲಿಯೇ ಹೊಸ ಅನರ್ಥಗಳು ಹುಟ್ಟುತ್ತವೆ. ಅಮೆರಿಕೆಯ ಯೂಟಾ ಸಂಸ್ಥಾನದ ಕ್ರಾಂಡಲ್ ಕ್ಯಾನ್ಯನ್ ಗಣಿಯಲ್ಲಿ 2007ನೆಯ ಆಗಸ್ಟ್ 6ರಂದು ಬಂಡೆ ಕುಸಿದು ಆರು ಮಂದಿ ಸಿಕ್ಕಿಕೊಂಡರು. ಅದು ಕೆಲಸ ನಡೆಯುತ್ತಿದ್ದ ಗಣಿ, ಆಮೇಲೆ ಮುಚ್ಚಿಹೋಯಿತು. ಮೇಲಿನಿಂದ ಕೊರೆದ ರಂಧ್ರದಲ್ಲಿ ಸಿಕ್ಕ ಗಾಳಿಯು ಪ್ರಾಣಧಾರಣೆಗೆ ಸಾಲದಂತಿತ್ತು. ಕೂಗಿಗೆ ಓಗೊಡುವ ದನಿ ಕೇಳಲಿಲ್ಲ. ಆದರೂ ಒಳಗೆ ಬಂಡೆಯನ್ನು ಸರಿಸುವ ಕೆಲಸ ನಡೆಯುತ್ತಲೇ ಇತ್ತು. 16ನೆಯ ತಾರೀಖು ಕಲ್ಲಿದ್ದಲಿನ ಗೋಡೆಯು ಸಿಡಿದು ರಕ್ಷಣೆಗೆ ಹೋದವರಲ್ಲಿ ಮೂವರು ಸತ್ತರು, ಆರು ಮಂದಿ ಗಾಯಗೊಂಡರು. ಮೊದಲಿನ ಆರು ಮಂದಿಯ ದೇಹಗಳು ಇಂದಿಗೂ ಬೆಟ್ಟದೊಳಗೇ ಇವೆ. ಆ ಮೂವರನ್ನು ಮೂರ್ಖರೆಂದು ಯಾರೂ ಹೇಳಲಾರರು. ಅವರ ಸಾವನ್ನು ಸಾರ್ಥಕವೆಂದು ಹೇಳಲೂ ನಾಲಗೆ ಏಳದು. ಸತ್ತ ಆರು ಮಂದಿಗೆ ಬಾಯಿ ಬಂದಿದ್ದರೆ, ತಮ್ಮ ಸಂಗಡಿಗರನ್ನು ಹಿಂದಕ್ಕೆ ಹೋಗಿರೆಂದೇ ಹೇಳುತ್ತಿದ್ದರಲ್ಲವೆ?

ಈ ವಿಷಯದಲ್ಲಿ ನಮ್ಮ ಪೂರ್ವಿಕರ ವಿವೇಕವು ನೆನೆಯತಕ್ಕದ್ದು. ದೇಹಕ್ಕೆ ಸಂಸ್ಕಾರವಾಗಲೇಬೇಕೆಂದು ವಿಧಿಸಿದ ಶಾಸ್ತ್ರಕಾರರೇ, ದೂರದೇಶದಲ್ಲಿ ಸತ್ತು ದೇಹ ಸಿಗದವನಿಗಾಗಿ ಮುತ್ತುಗದ ಎಲೆಗಳಿಂದಲೋ ದರ್ಭೆಯಿಂದಲೋ ಪ್ರತಿಕೃತಿಯನ್ನು ಮಾಡಿ ದಹಿಸುವ ವಿಧಿಯನ್ನೂ ಹೇಳಿದರು. ಸಮುದ್ರಕ್ಕೆ ಧುಮುಕಿ ಹುಡುಕಿರೆಂದಾಗಲಿ, ಕಾಡ್ಗಿಚ್ಚಿನೊಳಗೆ ಹೊಕ್ಕು ತನ್ನಿರೆಂದಾಗಲಿ ಅವರು ಹೇಳಲಿಲ್ಲ. ಅಂದರೆ ದೇಹದ ಋಣವು ನಿಜವಾದದ್ದು. ಆದರೆ ಅದು ಪ್ರಾಣದಿಂದ ತೀರಿಸಬೇಕಾದ ಋಣವಲ್ಲವೆಂಬುದು ಆ ವಿಧಿಯ ಅಭಿಪ್ರಾಯವೆಂದು ನಾನು ತಿಳಿದಿದ್ದೇನೆ.

ಇಷ್ಟರಿಂದ ಪ್ರಶ್ನೆಯು ತೀರಿತೆಂದು ಭಾವಿಸುವವರು ಅದರ ಇನ್ನೊಂದು ಮುಖವನ್ನು ನೋಡಬೇಕು. ಅಪಾಯವಿದೆ ಎಂಬ ಮಾತು ಸತ್ಯವೂ ಆಗಬಹುದು, ನೆಪವೂ ಆಗಬಹುದು. ಒಂದೇ ಗಣಿಯಲ್ಲಿ ಅದು ಮೊದಲು ಸತ್ಯವಾಗಿ ಆಮೇಲೆ ಅರೆಸತ್ಯವಾದ ಉದಾಹರಣೆಯು ನ್ಯೂಜಿಲೆಂಡಿನ ಪೈಕ್ ರಿವರ್ ಗಣಿಯದು. 2010ನೆಯ ನವಂಬರ್ 19ರಂದು ಅಲ್ಲಿ ಅನಿಲವು ಸಿಡಿದು 29 ಮಂದಿ ಒಳಗುಳಿದರು. ರಕ್ಷಕರನ್ನು ಕೂಡಲೆ ಒಳಕ್ಕೆ ಬಿಡಲಿಲ್ಲವೆಂದು ಬಂಧುಗಳು ಕುದಿದರು. ಐದನೆಯ ದಿನ, 24ನೆಯ ತಾರೀಖು, ಮತ್ತೊಂದು ಸ್ಫೋಟವಾಯಿತು; ಒಳಕ್ಕೆ ಹೋಗಿದ್ದವರು ಯಾರೂ ಉಳಿಯುತ್ತಿರಲಿಲ್ಲ. ಆಗ ತಡೆದವರ ನಿರ್ಣಯವು ಸರಿಯಾದದ್ದೇ. ಆದರೆ ವರ್ಷಗಳು ಕಳೆದರೂ ಅದೇ ಮಾತು ಮುಂದುವರಿದು, ಕೊನೆಗೆ ಬಾಗಿಲನ್ನು ಕಾಂಕ್ರೀಟಿನಿಂದ ಶಾಶ್ವತವಾಗಿ ಮುಚ್ಚುವ ಏರ್ಪಾಡಾದಾಗ ಬಂಧುಗಳು ದಾರಿಗೆ ಅಡ್ಡನಿಂತರು. ಆಮೇಲೆ ಬಂದ ಸರ್ಕಾರವು ಅದಕ್ಕಾಗಿಯೇ ಒಂದು ಸಂಸ್ಥೆಯನ್ನು ಸ್ಥಾಪಿಸಿತು. ಅನಿಲವನ್ನು ಅಳೆದು, ಗಾಳಿಯನ್ನು ಹದಗೊಳಿಸಿ, 2019ರ ಮೇ ತಿಂಗಳಲ್ಲಿ ಮುಚ್ಚಳವನ್ನು ತೆರೆದರು. 2021ರ ಹೊತ್ತಿಗೆ 2 ಕಿಲೋಮೀಟರಿಗೂ ಉದ್ದವಾದ ಪ್ರವೇಶಸುರಂಗವನ್ನು ಬಂಡೆ ಕುಸಿದಿದ್ದ ಸ್ಥಳದವರೆಗೆ ಒಬ್ಬರ ಪ್ರಾಣಕ್ಕೂ ಹಾನಿಯಿಲ್ಲದೆ ಪರೀಕ್ಷಿಸಿದರು. ಅದರಾಚೆ ಹೋಗಲಿಲ್ಲ, ದೇಹಗಳು ದೊರೆಯಲಿಲ್ಲ. ಆದರೂ, ಆಗುವುದೇ ಇಲ್ಲವೆಂದು ಹೇಳಿದ್ದರಲ್ಲಿ ಎಷ್ಟು ಆಗುತ್ತದೆ, ಎಲ್ಲಿಂದ ನಿಜವಾಗಿ ಆಗುವುದಿಲ್ಲ ಎಂಬುದು ನಿಷ್ಕರ್ಷೆಯಾಯಿತು.

ಅಪಾಯದ ಮಾತು ಬಾಗಿಲನ್ನು ಕಾಯುವ ಕತ್ತಿಯಾದರೆ ಏನಾಗುತ್ತದೆಂಬುದನ್ನು ದಕ್ಷಿಣ ಆಫ್ರಿಕೆಯ ಸ್ಟಿಲ್‌ಫಾಂಟೇನ್ ತೋರಿಸಿತು. ಅಲ್ಲಿ ಕೈಬಿಟ್ಟ ಚಿನ್ನದ ಗಣಿಯೊಂದರಲ್ಲಿ ಸುಮಾರು 2 ಕಿಲೋಮೀಟರು ಆಳದಲ್ಲಿ ನೂರಾರು ಮಂದಿ ಅಕ್ರಮವಾಗಿ ಅದಿರನ್ನು ಅಗೆಯುತ್ತಿದ್ದರು. ಅವರನ್ನು ಹೊರಗೆ ಬರಿಸುವುದಕ್ಕಾಗಿ 2024ರಲ್ಲಿ ಪೊಲೀಸರು ಅನ್ನನೀರುಗಳು ಕೆಳಗಿಳಿಯದಂತೆ ತಡೆದರು. ರಕ್ಷಣೆಗೆ ಸಿಬ್ಬಂದಿಯನ್ನು ಇಳಿಸುವುದು ಅಪಾಯಕರವೆಂಬ ವಾದವೂ ನಡೆಯಿತು. ನ್ಯಾಯಸ್ಥಾನವು ಆಜ್ಞೆ ಮಾಡಿದ ಮೇಲೆ, 2025ರ ಜನವರಿಯಲ್ಲಿ ಬೋನೊಂದನ್ನು ಇಳಿಸಿದಾಗ, ಅದರಲ್ಲಿ ಕುಳಿತು ಕೆಳಗೆ ಹೋದವರು ಆ ಊರಿನ ಸ್ವಯಂಸೇವಕರು. ಮೂರು ದಿನಗಳಲ್ಲಿ 246 ಮಂದಿ ಜೀವಂತರಾಗಿಯೂ 78 ಮಂದಿ ಶವಗಳಾಗಿಯೂ ಮೇಲೆ ಬಂದರು. ಆ ಬೋನು ಕೆಲವು ವಾರಗಳ ಮೊದಲು ಇಳಿದಿದ್ದರೆ ಈ ಎರಡು ಸಂಖ್ಯೆಗಳು ಬೇರೆಯಾಗಿರುತ್ತಿದ್ದುವೆಂಬುದರಲ್ಲಿ ನನಗೆ ಸಂಶಯವಿಲ್ಲ. ಒಳಗಿದ್ದವರು ಕಾನೂನನ್ನು ಮುರಿದವರು ನಿಜ. ಆದರೆ ಬಾವಿಯ ತಳದಲ್ಲಿ ಹಸಿದವನಿಗೆ ಅಪರಾಧಿಯೆಂಬ ಹೆಸರಿಗಿಂತ ಮೊದಲು ಮನುಷ್ಯನೆಂಬ ಹೆಸರಿದೆ.

ಆದ್ದರಿಂದ ಅಪಾಯದ ಮಾತನ್ನು ಪರೀಕ್ಷಿಸಲು ಒಂದು ಒರೆಗಲ್ಲು ಬೇಕು. ಅದು ಇದೆಂದು ನನಗೆ ತೋರುತ್ತದೆ: ಪ್ರಾಣವನ್ನು ಕೊಡಲಾರೆನೆನ್ನುವವನು ಅದರ ಬದಲಿಗೆ ಶ್ರಮವನ್ನೂ ಕಾಲವನ್ನೂ ಹಣವನ್ನೂ ಕೊಡಲು ಸಿದ್ಧನಾಗಿದ್ದಾನೆಯೆ? ಸಿದ್ಧನಾಗಿದ್ದರೆ ಅವನ ಮಾತು ವಿವೇಕ. ಇಲ್ಲವಾದರೆ ಅದು ಕೈತೊಳೆದುಕೊಳ್ಳುವ ಉಪಾಯ. ಅಸ್ಸಾಮಿನ ಉಮ್ರಾಂಗ್ಸೊವಿನಲ್ಲಿ 2025ನೆಯ ಜನವರಿ 6ರಂದು ಇಂಥದೇ ಇಲಿಬಿಲದ ಗಣಿಗೆ ನೀರು ನುಗ್ಗಿ ಒಂಬತ್ತು ಮಂದಿ ಸತ್ತರು. ಮೊದಲ ವಾರದಲ್ಲಿ ನಾಲ್ಕು ದೇಹಗಳು ದೊರೆತುವು. ಉಳಿದ ಐವರು ಬದುಕಿರುವ ಆಸೆ ಹೋದ ಮೇಲೆ ಯಾರನ್ನೂ ಆತುರದಿಂದ ಕತ್ತಲಿಗೆ ನೂಕಲಿಲ್ಲ, ಪಂಪುಗಳನ್ನೂ ನಿಲ್ಲಿಸಲಿಲ್ಲ. ನೀರು ಇಳಿಯುವವರೆಗೆ ಕಾದರು. ಫೆಬ್ರವರಿಯ ಮೂರನೆಯ ವಾರದಲ್ಲಿ ಆ ಐವರ ಅವಶೇಷಗಳೂ ಸಿಕ್ಕಿ ಮೇಲೆ ಬಂದುವು. ದೇಹದ ಋಣವನ್ನು ತಾಳ್ಮೆಯಿಂದ ತೀರಿಸಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಒಂದು ಆಕ್ಷೇಪಣೆ ಉಳಿದಿದೆ. ಅಷ್ಟು ಹಣವನ್ನು ಸತ್ತವರಿಗಾಗಿ ಸುರಿಯುವ ಬದಲು ಬದುಕಿರುವ ಬಡವರಿಗೆ ಏಕೆ ಕೊಡಬಾರದೆಂದು ಲೆಕ್ಕ ಬಲ್ಲವರು ಕೇಳುತ್ತಾರೆ. ಪ್ರಶ್ನೆಯು ಹಗುರವಾದದ್ದಲ್ಲ. ಆದರೆ ಹಾಗೆ ಉಳಿಸಿದ ಹಣವು ಬಡವನ ಮನೆಯನ್ನು ಸೇರಿದ್ದನ್ನು ಕಂಡವರು ವಿರಳ. ಸತ್ತ ಕೂಲಿಯನ್ನು ತೆಗೆಯಲು ವೆಚ್ಚವಾಗುತ್ತದೆಂಬ ಭಯವಿದ್ದರೆ ಮಾತ್ರ ಬದುಕಿರುವ ಕೂಲಿಯನ್ನು ಅಂಥ ಬಾವಿಗೆ ಇಳಿಸುವವನು ಹಿಂಜರಿಯುವನು. ಹೆಣವನ್ನು ಬಿಟ್ಟುಬರುವುದು ಅಗ್ಗವಾದಲ್ಲಿ ಹೆಣವಾಗಿಸುವುದೂ ಅಗ್ಗವಾಗುತ್ತದೆ. ಮೇಘಾಲಯದ ಗಾರೋ ಬೆಟ್ಟಗಳಲ್ಲಿ 2012ರಲ್ಲಿಯೇ 15 ಮಂದಿ ಇದೇ ರೀತಿಯಲ್ಲಿ ಮುಳುಗಿ, ಅವರ ದೇಹಗಳು ದೊರೆಯದೆ ಹೋಗಿದ್ದುವು. ಆರು ವರ್ಷಗಳ ಮೇಲೆ ಕ್ಸಾನ್‌ನಲ್ಲಿ ಅದೇ ಸಂಖ್ಯೆಯ ಜನರು ಅದೇ ರೀತಿಯಲ್ಲಿ ಮುಳುಗಿದರು.

ಈ ಮಾತು ನಮ್ಮ ನಾಡಿಗೂ ಸಲ್ಲತಕ್ಕದ್ದು. ಕೋಲಾರದ ಚಿನ್ನದ ಗಣಿಗಳು ನೂರು ವರ್ಷಗಳಿಗೂ ಮೀರಿ ನಡೆದು, 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, 2001ರಲ್ಲಿ ಮುಚ್ಚಿದುವು. ಪಂಪುಗಳು ನಿಂತ ಮೇಲೆ ಅವುಗಳಲ್ಲಿ ನೀರು ತುಂಬಿತು. ಮೇಲೆ ಊರಿದೆ, ಊರಿನಲ್ಲಿ ಮಕ್ಕಳಿದ್ದಾರೆ, ಬಡತನವಿದೆ. ಬಡತನವಿರುವಲ್ಲಿ ಹಳೆಯ ಕಬ್ಬಿಣಕ್ಕೂ ಒಂದು ಚಿಟಿಕೆ ಚಿನ್ನಕ್ಕೂ ಆಸೆಪಡುವವರು ಇದ್ದೇ ಇರುತ್ತಾರೆ. ಬಾವಿಯ ಬಾಯಿಗೆ ಭದ್ರವಾದ ಮುಚ್ಚಳವನ್ನು ಹಾಕುವುದೂ, ಸುತ್ತ ಬೇಲಿ ಕಟ್ಟುವುದೂ, ಒಳಗಿನ ನಕ್ಷೆಗಳನ್ನು ಕೆಡದಂತೆ ಕಾಪಾಡುವುದೂ, ಒಳಕ್ಕೆ ಇಳಿಯುವವನ ಹೆಸರನ್ನು ಪುಸ್ತಕದಲ್ಲಿ ಬರೆದಿಡುವುದೂ ನೀರಸವಾದ ಕೆಲಸಗಳು. ಅವನ್ನು ಮಾಡಿದವನಿಗೆ ಯಾರೂ ಹಾರ ಹಾಕುವುದಿಲ್ಲ. ಆದರೆ ಮುಂದೆ ಯಾವನೋ ರಕ್ಷಕನು ಹಗ್ಗ ಹಿಡಿದು ಕತ್ತಲಿಗೆ ಇಳಿಯಬೇಕಾಗುವುದೂ, ಯಾವಳೋ ತಾಯಿ ಅಸ್ಥಿಯಾದರೂ ಸಿಕ್ಕಲೆಂದು ಬೇಡಬೇಕಾಗುವುದೂ ಆ ಕೆಲಸಗಳು ನಡೆಯದೆ ಹೋದುದರಿಂದಲೇ.

ಹೇಳಿದ್ದನ್ನು ಸಂಗ್ರಹಿಸೋಣ. ಬದುಕಿರುವ ಆಸೆಯಿರುವವರೆಗೆ ಅಪಾಯವನ್ನು ಬಲ್ಲವನು ತಾನಾಗಿ ಒಪ್ಪಿ ಇಳಿಯಬಹುದು. ಇಳಿಯುವವನನ್ನು ಪೂಜ್ಯನೆಂದು ಎಣಿಸಬೇಕು. ಆಸೆ ಮುಗಿದ ಮೇಲೆ ದೇಹಕ್ಕಾಗಿ ಒಬ್ಬನ ಪ್ರಾಣವನ್ನು ಕೇಳುವ ಹಕ್ಕು ಸರ್ಕಾರಕ್ಕೂ ಇಲ್ಲ, ಬಂಧುಗಳಿಗೂ ಇಲ್ಲ. ಆದರೆ ದೇಹವನ್ನು ಮರೆಯುವ ಹಕ್ಕೂ ಯಾರಿಗೂ ಇಲ್ಲ. ಪ್ರಾಣವನ್ನು ಬಿಟ್ಟು ಉಳಿದೆಲ್ಲವನ್ನೂ ಆ ಋಣಕ್ಕೆ ಸಲ್ಲಿಸಬೇಕು. ಇನ್ನು ಸಾಕೆಂದು ನಿರ್ಣಯಿಸುವ ಅಧಿಕಾರಿಯು ಆ ಮಾತನ್ನು ಕಾಗದದಲ್ಲಿ ಬರೆದು ಕಳುಹಿಸಿ ಸುಮ್ಮನಾಗಬಾರದು. ಗಾಳಿಯ ಅಳತೆಯನ್ನೂ ನೀರಿನ ಮಟ್ಟವನ್ನೂ ಬಂಡೆಯ ಸ್ಥಿತಿಯನ್ನೂ ಮುಂದಿಟ್ಟುಕೊಂಡು, ಬಂಧುಗಳ ಎದುರಿಗೆ ಕುಳಿತು, ಅವರ ಪ್ರಶ್ನೆಗಳು ಮುಗಿಯುವವರೆಗೆ ಉತ್ತರ ಹೇಳಬೇಕು. ಅಷ್ಟಾದ ಮೇಲೂ ತರಲಾಗದ ದೇಹಕ್ಕೆ ಆ ಗಣಿಯೇ ಸಮಾಧಿಯಾಗಲಿ; ಆದರೆ ಸಮಾಧಿಯೆಂದ ಮೇಲೆ ಅಲ್ಲಿ ಸತ್ತವರ ಹೆಸರುಗಳಿರಬೇಕು. ಹೆಸರಿಲ್ಲದೆ ಮಣ್ಣು ಮುಚ್ಚಿದರೆ ಅದು ಬರಿಯ ಗುಂಡಿ.